ಗಾಲ್ವೇಯಲ್ಲಿ ಕಡಲು ಹಿಂದೆ ಸರಿದಿದ್ದ ಬೆಳಗು

ಮೊನ್ನೆ ಎಚ್.ಡಿ. ಕೋಟೆಯಿಂದ ಹುಣಸೂರಿಗೆ ಹೊರಟ ಮಧ್ಯಾಹ್ನದ ಬಸ್ಸಿಗೆ ಹೆಂಗಸೊಬ್ಬಳು ಒಣಮೀನಿನ ಮಂಕರಿ ಹೊತ್ತು ಹತ್ತಿದಳು. ನಾನು ಆ ಬಸ್ಸಿನ ಕಂಡಕ್ಟರು. ಲಗೇಜು ಟಿಕೆಟ್ಟು ಕೊಡೋಣವೆಂದು ಬಗ್ಗಿದೆ. ಉಪ್ಪಿನ, ಪಾಚಿಯ, ಬಿಸಿಲಿಗೆ ಬಿದ್ದ ನೀರುಜಂತುಗಳ ವಾಸನೆ ಒಟ್ಟಿಗೆ ಮುಖಕ್ಕೆ ಹೊಡೆಯಿತು. ಕಂಬಿ ಹಿಡಿದುಕೊಂಡೆ.

“ಯಾಕ್ ಕಂಡಕ್ಟ್ರಮ್ಮ, ತಲೆಸುತ್ತು ಬಂತಾ? ಕುಂತ್ಕಳಿ ಒಸಿ,” ಎಂದವಳು ಮಂಕರಿಯನ್ನು ಸೀಟಿನಡಿಗೆ ನೂಕಿದಳು. ವಾಸನೆಗೆ ಹೇಸಿಕೊಂಡೆ ಎಂದು ತಿಳಿದಳೋ ಏನೋ. ಹೇಸಿಗೆಯಲ್ಲ, ಭಯ. ಹೋದ ವರ್ಷ ಐರ್ಲೆಂಡಿನ ಗಾಲ್ವೇ ಎಂಬ ಕಡಲೂರಿನಲ್ಲಿ ನನ್ನೊಳಗೆ ಹೊಕ್ಕ ಭಯ. ಹುಣಸೂರು ಬರುವ ತನಕ ಅದು ಎದೆಯಿಂದ ಇಳಿಯಲಿಲ್ಲ.

ನನ್ನಂಥವಳು ಅಷ್ಟು ದೂರ ಹೋದದ್ದು ಅಕ್ಕನ ಮಗಳು ಪವಿತ್ರಳ ದೆಸೆಯಿಂದ. ಅವಳು ಗಾಲ್ವೇಯ ಆಸ್ಪತ್ರೆಯೊಂದರಲ್ಲಿ ನರ್ಸು. ಪಿಯುಸಿ ಮುಗಿದಾಗ ಅವಳನ್ನು ಮೈಸೂರಿನ ನರ್ಸಿಂಗ್ ಕಾಲೇಜಿಗೆ ಕರೆದುಕೊಂಡು ಹೋಗಿ ಸೇರಿಸಿದವಳು ನಾನೇ. ಮುಂದೆ ಅವಳು ತನ್ನ ಜೊತೆಗಾತಿಯರಾದ ಕೇರಳದ ಹುಡುಗಿಯರ ಹಿಂದೆ ಹೊರದೇಶದ ಕೆಲಸಕ್ಕೆ ಪರೀಕ್ಷೆ ಕಟ್ಟಿ, ಪಾಸಾಗಿ, ಹೊರಟೇಬಿಟ್ಟಳು. ಅಕ್ಕ ಜಯಮ್ಮ ಇರುವುದು ಕೆ.ಆರ್. ನಗರದ ಹತ್ತಿರ ಮಿರ್ಲೆಯಲ್ಲಿ, ಮಗ ಸೊಸೆಯ ಜೊತೆ ಗದ್ದೆ ಬೇಸಾಯ. ಮಗಳು ಹೋದಂದಿನಿಂದ ಅಕ್ಕ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. “ನೀನೇ ಅಲ್ವಾ ಕಳ್ಸ್ದೋಳು,” ಎನ್ನುವುದು ಅವಳ ಪ್ರತಿ ಮಾತಿನ ಕೊನೆಗೂ ಇರುತ್ತಿತ್ತು.

ಪವಿತ್ರ ನಮ್ಮಿಬ್ಬರಿಗೂ ಟೂರಿಸ್ಟ್ ವೀಸಾ ಮಾಡಿಸಿ ಕರೆಸಿಕೊಂಡಳು. ಅವ್ವ ಒಬ್ಬಳೇ ವಿಮಾನ ಹತ್ತುವುದಿಲ್ಲ, ಚಿಕ್ಕವ್ವ ಜೊತೆಗಿದ್ದರೆ ಬರುತ್ತಾಳೆ ಎಂಬುದು ಅವಳ ಲೆಕ್ಕ. ನಿಜ ಹೇಳಬೇಕೆಂದರೆ ಹೆದರುಪುಕ್ಕಲಿ ನಾನು. ವಿಮಾನ ಅಲುಗಿದಾಗ ನಾನು ಕಣ್ಣು ಮುಚ್ಚಿ ಮನೆದೇವರನ್ನು ಕರೆಯುತ್ತಿದ್ದರೆ ಅಕ್ಕ ಕಿಟಕಿಗೆ ಹಣೆ ಒತ್ತಿ ಮೋಡ ನೋಡುತ್ತಿದ್ದಳು. ಆಮೇಲೆ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: “ನಾನು ಊರ್ ನೋಡಕ್ ಬತ್ತಾ ಇಲ್ಲ ಕಣೆ ರತ್ನ. ಮಗೀನ ಕರ್ಕಂಡ್ ಬರಕ್ ಓಯ್ತಾ ಇದೀನಿ. ನೀನು ಅಡ್ಡಬಾಯಿ ಹಾಕ್ಬೇಡ.”

ಗಾಲ್ವೇಯಲ್ಲಿ ಅದು ಮೇ ತಿಂಗಳು. ನಮ್ಮಲ್ಲಿ ಬಿಸಿಲಿಗೆ ತಾರು ಕರಗುವ ಕಾಲದಲ್ಲಿ ಅಲ್ಲಿ ಜರ್ಕಿನ್ನಿನ ಮೇಲೆ ಶಾಲು. ಮಳೆ ನಮ್ಮ ಮಳೆಯಂತೆ ಸುರಿದು ನಿಲ್ಲುವುದಿಲ್ಲ. ಹೊಗೆಯ ಹಾಗೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಊಟದ ಹೊತ್ತು ಮುಗಿದರೂ ಸೂರ್ಯ ಮುಳುಗುವುದಿಲ್ಲ. ಕಡಲಹಕ್ಕಿಗಳಂತೂ ಹುಂಜದ ಗಾತ್ರ. ಬಂದ ಮರುದಿನವೇ ಒಂದು ನನ್ನ ಕೈಯಲ್ಲಿದ್ದ ಬನ್ನನ್ನು ಕಿತ್ತುಕೊಂಡು ಹೋಯಿತು. ನಾನು ಕಿರುಚಿದ್ದಕ್ಕೆ ಬೀದಿಯವರೆಲ್ಲ ನಕ್ಕರು. ರಜೆ ಇದ್ದ ದಿನ ಪವಿತ್ರ ಊರೆಲ್ಲ ತೋರಿಸಿದಳು. ಬಣ್ಣದ ಅಂಗಡಿಗಳ ಸಾಲು, ಬೀದಿಯಲ್ಲೇ ನಿಂತು ಪಿಟೀಲು ಬಾರಿಸುವವರು, ಹೊಳೆ ಕಡಲಿಗೆ ಸೇರುವಲ್ಲಿ ತೇಲುವ ಹಂಸಗಳು. ಕಡಲ ಬದಿಯ ಉದ್ದನೆಯ ದಾರಿಯಲ್ಲಿ ಗಾಳಿಸಂಚಾರಕ್ಕೆ ಬಂದವರು ತುದಿಯ ಗೋಡೆಯವರೆಗೂ ನಡೆದು, ಅದಕ್ಕೊಂದು ಸಣ್ಣ ಒದೆ ಕೊಟ್ಟು ಹಿಂತಿರುಗುತ್ತಾರೆ. ಅದು ಅಲ್ಲಿನ ರೂಢಿಯಂತೆ. “ಪಾಪದ ಗೋಡೆ ಇವ್ರಿಗೇನ್ ಮಾಡಿತ್ತು?” ಎಂದು ಅಕ್ಕ ಗೋಡೆಯನ್ನು ಕೈಯಿಂದ ಸವರಿ ಬಂದಳು.

ಆದರೆ ಪವಿತ್ರ ಕೆಲಸಕ್ಕೆ ಹೋದ ದಿನಗಳಲ್ಲಿ ನಾವಿಬ್ಬರೇ. ಬೆಳಿಗ್ಗೆ ಹೋದವಳು ರಾತ್ರಿಯೇ ಬರುವುದು. ಒಗ್ಗರಣೆಯ ಹೊಗೆಗೇ ಕಿರುಚುವ ಯಂತ್ರ, ತಾನೇ ಬೀಗ ಬೀಳುವ ಬಾಗಿಲು, ಕಿಟಕಿಯಾಚೆ ನಿಲ್ಲದ ಗಾಳಿ. ಎಲ್ಲಕ್ಕಿಂತ ಹೆಚ್ಚಾಗಿ ಆ ಕಡಲು. ಬಸ್ಸಿನಲ್ಲಿ ದಿನಾ ನೂರಾರು ಜನರನ್ನು ಗದರಿಸಿ ಕೂರಿಸುವ ನಾನು, ಮೂರು ರಸ್ತೆಯಾಚೆಗಿನ ನೀರಿನ ಸದ್ದಿಗೆ ಮಲಗಿದಲ್ಲೇ ಮುದುಡಿಕೊಳ್ಳುತ್ತಿದ್ದೆ. ನಮ್ಮ ಲಕ್ಷ್ಮಣತೀರ್ಥ ಹೊಳೆ ಉಕ್ಕಿದರೂ ಒಂದು ದಿನ ಇಳಿಯುತ್ತದೆ. ಇದು ಯಾವಾಗ ಸುಮ್ಮನಾಗುತ್ತದೆ?

ಅಕ್ಕ ಇನ್ನೂ ಮಗಳ ಹತ್ತಿರ ಊರಿಗೆ ಬರುವ ಮಾತು ತೆಗೆದಿರಲಿಲ್ಲ. ಹೊತ್ತು ನೋಡುತ್ತಿದ್ದಳು. ಪವಿತ್ರ ಎದುರು ಬಂದಾಗಲೆಲ್ಲ ಬಾಯಿ ತೆರೆದು, “ಸಾರಿಗೆ ಉಪ್ಪು ಸಾಕಾ?” ಎಂದು ಕೇಳುತ್ತಿದ್ದಳು.

ಹೊರಡಲು ಇನ್ನೊಂದು ವಾರವಿತ್ತು. ಅಪರೂಪಕ್ಕೆ ಬಿಸಿಲು ಬಂದ ಬೆಳಿಗ್ಗೆ. ಪವಿತ್ರ ಡ್ಯೂಟಿಗೆ ಹೊರಡುತ್ತಾ, “ಬೀಚಿಗೆ ಓಗ್ಬನ್ನಿ, ಬೆಂಚ್ ಮೇಲ್ ಕೂತ್ಕಳಿ. ನೀರ್ ಅತ್ರ ಮಾತ್ರ ಓಗ್ಬೇಡಿ,” ಎಂದು ಹೇಳಿ ಹೋದಳು.

ಹೋಗಿ ನೋಡಿದರೆ ನೀರೇ ಇಲ್ಲ. ಹಿಂದಿನ ಸಂಜೆ ರಸ್ತೆಯ ಗೋಡೆಗೆ ಹೊಡೆಯುತ್ತಿದ್ದ ಕಡಲು ಎಲ್ಲೋ ದೂರಕ್ಕೆ ಸರಿದುಬಿಟ್ಟಿತ್ತು. ಕೆರೆ ಬತ್ತಿದ ಹಾಗೆ ಕಪ್ಪು ಮಣ್ಣು, ಪಾಚಿ ಹೊದ್ದ ಕಲ್ಲು, ಅಲ್ಲಲ್ಲಿ ಸಣ್ಣ ಹೊಂಡ. ಭರತ, ಇಳಿತ ಎಂದು ಶಾಲೆಯಲ್ಲಿ ಓದಿದ್ದೆ. ಇಷ್ಟು ಎಂದು ಗೊತ್ತಿರಲಿಲ್ಲ. ದಡದಿಂದ ಆಚೆ ಕಾಣುತ್ತಿದ್ದ ಪುಟ್ಟ ದ್ವೀಪಕ್ಕೆ ಕಲ್ಲುಗಳ ದಾರಿಯೊಂದು ನೆಟ್ಟಗೆ ಬಿದ್ದುಕೊಂಡಿತ್ತು. ದ್ವೀಪದಲ್ಲಿ ಮನೆಯಿಲ್ಲ, ಮರವಿಲ್ಲ, ಬರೀ ಹುಲ್ಲು.

“ಅಗೋ, ಆ ಅಂಚಲ್ಲಿ ಸೊಪ್ಪು ಕಂಡ್ಯಾ? ದಪ್ಪ ಎಲೆ, ಪಾಲಕ್ ತರದ್ದು,” ಎಂದಳು ಅಕ್ಕ. ಬಂದಾಗಿನಿಂದ ಮಸ್ಸೊಪ್ಪಿನ ಸಾರಿಲ್ಲದೆ ಬಾಯಿ ಕೆಟ್ಟಿದೆ ಎನ್ನುತ್ತಿದ್ದವಳು.

“ನೀರ್ತಾವ್ ಓಗ್ಬೇಡಿ ಅಂದವ್ಳೆ ಕಣಕ್ಕ.”

“ಓಗ್ಬಾರ್ದು ಅಂದ್ಲು. ನೀರ್ ಎಲ್ ಅದೆ ತೋರ್ಸು?”

ಅವಳು ಇಳಿದಳು. ನಾನು ಹಿಂದೆ ನಡೆದೆ. ಒಣಗುತ್ತಿದ್ದ ಪಾಚಿಯ ಆ ವಾಸನೆ ದಾರಿಯುದ್ದಕ್ಕೂ. ಅರ್ಧ ದಾಟಿದ್ದೆವು, ಹಿಂದೆ ಯಾರೋ ಕೂಗಿದಂತಾಯಿತು. ದಡದಲ್ಲಿ ಬಿಳಿ ತಲೆಯ ಒಬ್ಬ ಮುದುಕಿ, ಮೈಗೆ ಟವೆಲ್ಲು ಸುತ್ತಿಕೊಂಡು ಎರಡೂ ಕೈ ಬೀಸುತ್ತಿದ್ದಳು. ಆ ಚಳಿಯಲ್ಲೂ ದಿನಾ ಈಜುವವಳು, ನಾವು ಅವಳನ್ನು ನೋಡಿದ್ದೆವು. ಆ ಊರಿನಲ್ಲಿ ಗುರುತಿಲ್ಲದವರೂ ನಕ್ಕು ಮಾತಾಡಿಸುತ್ತಾರೆ.

“ಎಂಥಾ ಒಳ್ಳೆ ಜನ,” ಎಂದು ಅಕ್ಕ ಕೈ ಬೀಸಿದಳು. ನಾನೂ ಬೀಸಿದೆ. ಮುದುಕಿ ಇನ್ನೂ ಜೋರಾಗಿ ಬೀಸಿದಳು. ನಾವು ನಗುತ್ತಾ ಮುಂದೆ ಹೋದೆವು.

ದ್ವೀಪದಲ್ಲಿ ಅಕ್ಕ ಸೊಪ್ಪು ಕಿತ್ತಳು. ಎಲೆ ಹರಿದು ಮೂಸಿ, ತುದಿ ಕಡಿದು, ಇದು ತಿನ್ನೋ ಸೊಪ್ಪೇ ಎಂದು ಶಾಲಿನಲ್ಲಿ ತುಂಬಿಕೊಂಡಳು. ನಾನು ಬಂಡೆಯ ಮೇಲೆ ಕುಳಿತು ಬಿಸಿಲು ಕಾಯಿಸಿದೆ. ಬಂದಾಗಿನಿಂದ ಮೊದಲ ಸಲ ಮೈ ಹಗುರಾಗಿತ್ತು. ಎಷ್ಟು ಹೊತ್ತು ಹಾಗಿದ್ದೆವೋ. ಮೋಡ ಕವಿದು ಗಾಳಿ ತಣ್ಣಗಾದಾಗ ಎದ್ದು ತಿರುಗಿ ನೋಡಿದೆ.

ಕಲ್ಲಿನ ದಾರಿ ನಡುವೆ ತುಂಡಾಗಿತ್ತು. ಈ ಕಡೆ ಒಂದಿಷ್ಟು, ದಡದ ಕಡೆ ಒಂದಿಷ್ಟು, ಮಧ್ಯೆ ನೀರು. ಅಲೆಯಿಲ್ಲ, ಸದ್ದಿಲ್ಲ. ಎರಡೂ ಪಕ್ಕದಿಂದ ಹರಿದು ಬಂದು ನಡುವಿನಲ್ಲಿ ಸುಳಿಯುತ್ತಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಕಲ್ಲು ಮುಳುಗಿತು.

“ಅಕ್ಕಾ!”

ಅವಳು ಬಂದು ನಿಂತು ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಶಾಲನ್ನು ಸೊಂಟಕ್ಕೆ ಬಿಗಿದು, ಸೀರೆ ಮೇಲೆತ್ತಿ ಕಟ್ಟಿಕೊಂಡು, “ನಡಿ, ಮೊಣಕಾಲುದ್ದ ಇರ್ಬೋದು. ನಾಲೇಲಿ ಎಮ್ಮೆ ಬಾಲ ಇಡ್ಕಂಡ್ ದಾಟಿಲ್ವಾ,” ಎಂದಳು.

ಫೋನು ತೆಗೆದೆ. ಅದು ಪವಿತ್ರಳ ಮನೆಯ ವೈಫೈಯಲ್ಲಿ ಮಾತ್ರ ಕೆಲಸ ಮಾಡುತ್ತಿದ್ದದ್ದು. ಆದರೂ ನಮ್ಮ ಬಸ್ಸಿನಲ್ಲಿ ಅಂಟಿಸಿರುವ ೧೧೨ ಎಂಬ ತುರ್ತು ನಂಬರು ಕಣ್ಣ ಮುಂದೆ ಬಂತು. ಅದು ಅಲ್ಲಿಗೂ ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಒತ್ತಿದೆ. ಹೋಯಿತು! ಒಬ್ಬ ಹೆಣ್ಣುಮಗಳ ದನಿ ಏನೋ ಕೇಳಿತು. ಬರುತ್ತಿದ್ದ ಇಂಗ್ಲಿಷೂ ಬರಲಿಲ್ಲ. “ವಾಟರ್. ಐಲ್ಯಾಂಡ್. ಟೂ ಲೇಡೀಸ್,” ಎಂದೆ. ಮತ್ತೆ ಮತ್ತೆ ಅದನ್ನೇ ಅಂದೆ. ಆ ಕಡೆಯಿಂದ ಬಂದದ್ದರಲ್ಲಿ ನನಗೆ ತಿಳಿದದ್ದು ಇಷ್ಟೇ: ಬೋಟು ಬರುತ್ತದೆ, ಅಲ್ಲೇ ಇರಿ, ನೀರಿಗೆ ಇಳಿಯಬೇಡಿ.

“ಬತ್ತಾರಂತೆ ಕಣಕ್ಕ. ಇಲ್ಲೇ ಇರ್ಬೇಕಂತೆ.”

“ಬತ್ತಾರಾ?” ಅಕ್ಕ ನನ್ನ ಕಡೆ ತಿರುಗಿದಳು. “ಯಾರೇ ಬರೋರು? ಅವತ್ತು ಯಾರೇ ಬಂದ್ರು?”

ಯಾವತ್ತು ಎಂದು ಅವಳು ಹೇಳಬೇಕಿರಲಿಲ್ಲ. ಪವಿತ್ರ ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಭಾವ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಬಿದ್ದಿದ್ದರು. ಊರೇ ಕೆ.ಆರ್. ನಗರಕ್ಕೆ ಒಂದು ಮದುವೆಗೆ ಹೋಗಿತ್ತು. ಅಕ್ಕ ನಾಲೆ ಏರಿಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದಳು. ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ತಾನೇ ಅವರನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ತಂದಾಗ ಉಸಿರು ನಿಂತಿತ್ತು. ಅಂದಿನಿಂದ ಅಕ್ಕ ಯಾರನ್ನೂ ಯಾವುದಕ್ಕೂ ಕರೆದವಳಲ್ಲ.

“ಕೂಗಿ ಕಾಯ್ಕಂಡ್ ಕುಂತ್ರೆ ಎಣ ಆಯ್ತೀವಿ ಅಷ್ಟೇಯ,” ಎಂದು ಅವಳು ನೀರಿಗೆ ನಡೆದಳು. ನಾನು ಓಡಿ ರಟ್ಟೆ ಹಿಡಿದೆ. ಹುಟ್ಟಿದಾಗಿನಿಂದ ಅಕ್ಕನಿಗೆ ಎದುರಾಡಿದವಳಲ್ಲ ನಾನು. ಎರಡೂ ಕೈಯಿಂದ ಹಿಡಿದೆಳೆದೆ. “ಬುಡೇ!” ಎಂದು ಅವಳು ಕೊಡವಿದ ರಭಸಕ್ಕೆ ಪಾಚಿಯ ಮೇಲೆ ಜಾರಿ ಬಿದ್ದೆ. ಏಳುವಷ್ಟರಲ್ಲಿ ಅವಳು ಮೊಣಕಾಲುದ್ದದ ನೀರಿನಲ್ಲಿದ್ದಳು. ಇನ್ನು ಕೆಲವು ಹೆಜ್ಜೆ, ಸೊಂಟ. ಆಮೇಲೆ ಅವಳ ಕಾಲ ಕೆಳಗಿನ ಕಲ್ಲು ತಪ್ಪಿತು.

ಅಕ್ಕ ಕಾಣಲಿಲ್ಲ. ಸೊಪ್ಪು ಮಾತ್ರ ತೇಲಿತು.

ನಾನು ನೀರಿಗಿಳಿದದ್ದು ನೆನಪಿಲ್ಲ. ಚಳಿ ನೆನಪಿದೆ. ಅದು ಚಳಿಯಲ್ಲ, ಎದೆಗೆ ಯಾರೋ ಒದ್ದ ಹಾಗೆ, ಒಳಗಿದ್ದ ಉಸಿರೆಲ್ಲ ಹೊರಗೆ ಬಂತು. ನೀರು ಕಾಲನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಕೈಗೆ ಸಿಕ್ಕಿದ್ದು ಅವಳ ಶಾಲೋ, ಸೆರಗೋ, ಜುಟ್ಟೋ. ಸಿಕ್ಕಿದ್ದನ್ನು ಬಿಡಲಿಲ್ಲ. ಹಿಂದೆ ಹಿಂದೆ ಎಳೆದುಕೊಂಡು ಬಂದೆ. ಬಿದ್ದೆ. ಕುಡಿದ ಉಪ್ಪುನೀರು ಗಂಟಲು ಸುಟ್ಟಿತು. ಕೊನೆಗೆ ಬೆನ್ನಿಗೆ ಕಲ್ಲು ತಾಗಿದಾಗ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದಿದ್ದೆವು. ಅಕ್ಕ ಕೆಮ್ಮುತ್ತಿದ್ದಳು. ಆ ಕೆಮ್ಮು ಕೇಳಿ ನಾನು ಗಟ್ಟಿಯಾಗಿ ಅತ್ತೆ.

ಹುಲ್ಲಿದ್ದ ದಿಣ್ಣೆಗೆ ಅವಳನ್ನು ತೆವಳಿಸಿಕೊಂಡು ಹೋದೆ. ಹುಲ್ಲು ಬೆಳೆದಿದೆಯೆಂದರೆ ನೀರು ಇಲ್ಲಿಯವರೆಗೆ ಬರುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಮನಸ್ಸು ನಂಬುತ್ತಿರಲಿಲ್ಲ. ಸುತ್ತಲೂ ಬೂದಿಬಣ್ಣದ ನೀರು ಏರುತ್ತಲೇ ಇತ್ತು. ಅಕ್ಕ ಸೊಪ್ಪು ಕಿತ್ತ ಜಾಗ ಹೋಯಿತು, ನಾನು ಕುಳಿತಿದ್ದ ಬಂಡೆ ಹೋಯಿತು. ಹೊಗೆಮಳೆ ಬಂದು ದಡವನ್ನೂ ಮುಚ್ಚಿತು. ಇನ್ನು ನಾವು ಇಲ್ಲಿದ್ದೇವೆಂದು ಯಾರಿಗೆ ಕಾಣುತ್ತದೆ?

ಅಕ್ಕ ಹಲ್ಲು ಕಟಕಟ ಕಡಿಯುತ್ತಾ ನಡುಗುತ್ತಿದ್ದಳು. ಆಮೇಲೆ ನಡುಕ ನಿಂತಿತು. ಬೆಚ್ಚಗಾದಳು ಎಂದು ನನಗೆ ಸಮಾಧಾನವಾಯಿತು. ಆದರೆ ಕೈ ಮುಟ್ಟಿದರೆ ಮಂಜುಗಡ್ಡೆ, ತುಟಿ ನೇರಳೆ. “ನಿದ್ದೆ ಬತ್ತಾ ಅದೆ ಕಣೆ. ಒಸಿ ಮನಿಕತೀನಿ,” ಎಂದಳು. ಆ ದನಿ ನನ್ನ ಅಕ್ಕನದಲ್ಲ. ಅಷ್ಟು ಮೆತ್ತಗೆ ಅವಳು ಎಂದೂ ಮಾತಾಡಿದವಳಲ್ಲ. ನೀರಿಗಿಂತ ಆ ದನಿಗೆ ಹೆಚ್ಚು ಹೆದರಿದೆ.

“ಮನಿಕಬೇಡ! ಅಕ್ಕ, ಕಣ್ ಬುಡು. ಮಾತಾಡು. ಗದ್ದೇಲಿ ಈ ಸಲ ಏನ್ ಹಾಕ್ಸೀಯೆ? ಯೋಳು!”

“ಅದೇ... ಬತ್ತ...”

“ಯಾವ್ ಬತ್ತ? ಸೊಸೆ ಎಸ್ರೇನು? ಯೋಳಕ್ಕ!” ಅವಳ ಬೆನ್ನು ಉಜ್ಜಿದೆ, ಕೆನ್ನೆಗೆ ಹೊಡೆದೆ. ನನ್ನ ಜರ್ಕಿನ್ನೂ ನೆಂದಿತ್ತು, ಆದರೂ ಬಿಚ್ಚಿ ಅವಳಿಗೆ ಸುತ್ತಿ, ಗಾಳಿಗೆ ಬೆನ್ನು ಕೊಟ್ಟು ತಬ್ಬಿ ಕುಳಿತೆ. ಅವಳ ಮಾತು ತೊದಲಿತು. ನಡುವೆ ಒಮ್ಮೆ, “ಪವಿಗೆ ಯಾರ್ ಯೋಳ್ತಾರೆ?” ಎಂದಳು. ಅಷ್ಟೇ. ಆಮೇಲೆ ಮಾತಿಲ್ಲ. ನಾನೊಬ್ಬಳೇ ಕೂಗುತ್ತಿದ್ದೆ.

ಮೊದಲು ಸದ್ದು ಬಂತು. ಮಳೆಯೊಳಗಿಂದ ಒಂದು ಎಂಜಿನ್ನಿನ ಗುರುಗುಟ್ಟು. ಆಮೇಲೆ ಗಾಳಿ ತುಂಬಿದ ಕಿತ್ತಳೆ ಬಣ್ಣದ ದೋಣಿ. ಹಳದಿ ಬಟ್ಟೆ, ಹೆಲ್ಮೆಟ್ಟು ತೊಟ್ಟವರು ನೀರಿಗೆ ಹಾರಿ ಓಡಿ ಬಂದರು. ಅವರಲ್ಲಿ ಒಬ್ಬಳು ಹೆಣ್ಣುಮಗಳು. ಅಕ್ಕನನ್ನು ಹೊಳೆಯುವ ಹಾಳೆಯಲ್ಲಿ ಸುತ್ತಿ ಎತ್ತಿಕೊಂಡರು. ಆ ಹೆಣ್ಣುಮಗಳು ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಏನೋ ಹೇಳಿದಳು. ಒಂದಕ್ಷರ ತಿಳಿಯಲಿಲ್ಲ. ತಲೆ ಆಡಿಸಿದೆ.

ದಡದಲ್ಲಿ ಆ ಬಿಳಿ ತಲೆಯ ಮುದುಕಿ ನಿಂತಿದ್ದಳು. ಅದೇ ಟವೆಲ್ಲು, ಮೇಲೊಂದು ಕೋಟು, ಮೈಯೆಲ್ಲ ನೆಂದಿತ್ತು. ನಾವು ನಗುತ್ತಾ ಕೈ ಬೀಸಿದಾಗಿನಿಂದ ಅವಳು ಅಲ್ಲಿಂದ ಕದಲಿರಲಿಲ್ಲವಂತೆ. ವಾಪಸು ಬರುತ್ತೇವೆಂದು ಕಾದು, ದಾರಿ ಮುಚ್ಚುವುದನ್ನು ಕಂಡು ಫೋನು ಮಾಡಿದ್ದಳು. ನನ್ನ ತೊದಲು ಇಂಗ್ಲಿಷಿಗೆ ಮುಂಚೆಯೇ ದೋಣಿಯವರಿಗೆ ಜಾಗ ಗೊತ್ತಾಗಿತ್ತು.

ಆಂಬುಲೆನ್ಸು ಹೋದದ್ದು ಪವಿತ್ರಳ ಆಸ್ಪತ್ರೆಗೇ. ಯಾರೋ ಅವಳನ್ನು ವಾರ್ಡಿನಿಂದ ಕರೆತಂದರು. ಬಾಗಿಲಲ್ಲಿ ನಿಂತು, ಬೆಚ್ಚನೆಯ ಗಾಳಿ ಊದುವ ಹೊದಿಕೆಯೊಳಗೆ ಕಣ್ಣು ಮುಚ್ಚಿ ಮಲಗಿದ್ದ ಅವ್ವನನ್ನು ನೋಡಿದಳು. ಮಾನಿಟರು ನೋಡಿದಳು. ನಾಡಿ ಹಿಡಿದಳು. ಅಷ್ಟರವರೆಗೂ ನರ್ಸು. ಅಕ್ಕ ಕಣ್ಣು ಬಿಟ್ಟದ್ದೇ ತಡ, “ನಿಂಗೇನ್ ಬುದ್ಧಿಗಿದ್ದಿ ಐತೇನವ್ವ! ಎಷ್ಟ್ ಸಲ ಬಡ್ಕಂಡೆ!” ಎಂದು ಆಸ್ಪತ್ರೆ ಹಾರಿಹೋಗುವಂತೆ ಬೈದಳು. ಥೇಟ್ ಅವಳವ್ವನ ಗಂಟಲು. ಬೈದು ಮುಗಿಸಿ ಅಲ್ಲೇ ನೆಲಕ್ಕೆ ಕುಸಿದು, ಹೊದಿಕೆಯಿಂದ ಹೊರಗಿದ್ದ ಪಾದಕ್ಕೆ ಕೆನ್ನೆ ಇಟ್ಟು ಬಿಕ್ಕಿದಳು.

ಅಕ್ಕ ಎರಡು ದಿನ ಅಲ್ಲಿದ್ದಳು. ಆಮೇಲೆ ಮನೆಗೆ ಬಂದಳು. ಒಂದು ಸಂಜೆ ಕಾಫಿ ಕುಡಿಯುತ್ತಾ ಮಗಳನ್ನು ಕೇಳಿದಳು: “ಆ ಬೋಟಿನೋರು ಪೊಲೀಸ್ನೋರಾ?”

“ಅಲ್ಲವ್ವ. ಊರ್ ಜನಾನೇ. ಒಬ್ಬ ಮೀನಂಗ್ಡಿಯೋನು, ಆ ಉಡುಗಿ ಸ್ಕೂಲ್ ಟೀಚರ್ರು. ಫೋನ್ ಬಂದೇಟ್ಗೆ ಕೆಲ್ಸ ಬುಟ್ಟು ಓಡ್ತಾರೆ.”

“ಸಂಬಳ?”

“ಇಲ್ಲ. ಸುಮ್ನೇ ಬತ್ತಾರೆ.”

ಅಕ್ಕ ಲೋಟ ಕೆಳಗಿಟ್ಟು ಎದ್ದು ಅಡಿಗೆಮನೆಯ ಡಬ್ಬಗಳನ್ನು ತೆರೆದು ನೋಡತೊಡಗಿದಳು. ಮಾರನೆಯ ದಿನ ಪವಿತ್ರಳನ್ನು ಕೂರಿಸಿಕೊಂಡು ಇದ್ದಬದ್ದ ಅಕ್ಕಿಹಿಟ್ಟಿನಲ್ಲಿ ಚಕ್ಕುಲಿ ಸುಟ್ಟು, ಆ ಮುದುಕಿಯ ಮನೆ ಹುಡುಕಿಸಿಕೊಂಡು ಹೋದಳು. ಹೆಸರು ನೋರಾ, ಒಬ್ಬಳೇ ಇದ್ದಳು. ಅಕ್ಕ ಕನ್ನಡದಲ್ಲಿ, ಅವಳು ತನ್ನ ಇಂಗ್ಲಿಷಿನಲ್ಲಿ, ಸಂಜೆಯವರೆಗೂ ಮಾತಾಡಿದರು. ಪವಿತ್ರ ತರ್ಜುಮೆ ಮಾಡಲು ಹೋದರೆ ಇಬ್ಬರೂ ಅವಳನ್ನು ಸುಮ್ಮನಿರಿಸಿದರು. ನಾನು ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದೆ. ಆ ಕಿಟಕಿಯಿಂದ ಕಡಲು ಕಾಣುತ್ತಿತ್ತು.

ಅಲ್ಲಿಂದ ಮುಂದೆ ನನ್ನ ಭಯ ಬೇರೆಯದಾಯಿತು. ಪವಿತ್ರ ಡ್ಯೂಟಿಯಿಂದ ಬರುವುದು ಒಂದು ಚೂರು ತಡವಾದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಈ ನೀರಿನ ಪಕ್ಕ ಇವಳನ್ನು ತಂದು ಬಿಟ್ಟವಳು ನಾನು. ಅಕ್ಕ ಮಗಳಿಗೆ ನಡಿ ಊರಿಗೆ ಎಂದರೆ ಈ ಸಲ ನಾನು ಅಡ್ಡಬಾಯಿ ಹಾಕುವುದಿರಲಿ, ನಾನೇ ಅವಳ ಪೆಟ್ಟಿಗೆ ಕಟ್ಟುತ್ತೇನೆ ಎಂದುಕೊಂಡಿದ್ದೆ.

ಹೊರಡುವ ದಿನ ಪವಿತ್ರ ಡಬ್ಲಿನ್ನಿನ ಬಸ್ಸು ಹತ್ತಿಸಲು ಬಂದಳು. ಸಣ್ಣ ಮಳೆ. ಡ್ರೈವರು ನಮ್ಮ ಸೂಟ್‌ಕೇಸುಗಳನ್ನು ಒಳಗಿಟ್ಟು ಬಾಗಿಲು ಹಾಕಿದ. ಅಕ್ಕ ಇನ್ನೂ ಕೆಳಗೇ ನಿಂತಿದ್ದಳು. ಈಗ ಕೇಳುತ್ತಾಳೆ ಎಂದು ನನಗೆ ಗೊತ್ತಾಯಿತು. ಪವಿತ್ರಳಿಗೂ ಗೊತ್ತಿತ್ತು, ಮುಖ ಬಿಳಚಿಕೊಂಡಿತ್ತು, ಹೇಳಬೇಕಾದ ಉತ್ತರವನ್ನು ಬಾಯಲ್ಲಿ ಹಿಡಿದುಕೊಂಡವಳ ಹಾಗೆ ನಿಂತಿದ್ದಳು.

ಅಕ್ಕ ಮಗಳ ಜರ್ಕಿನ್ನಿನ ಜಿಪ್ಪನ್ನು ಕತ್ತಿನ ತನಕ ಎಳೆದಳು.

“ಆ ನೋರಮ್ಮನ್ ಮನೆ ಕಂಡ್ಕಂಡ್ಯಲ್ಲ,” ಎಂದಳು. “ವಾರಕ್ಕೊಂದ್ಸಲ ಓಗಿ ಮಾತಾಡ್ಸ್ಕಂಡ್ ಬಾ. ಬರಿಗೈಲಿ ಓಗ್ಬೇಡ.”

ಪವಿತ್ರ ತಲೆ ಆಡಿಸಿದಳು. ಅಕ್ಕ ತಿರುಗಿ ಬಸ್ಸು ಹತ್ತಿದಳು.